ಕಿಟಕಿಗೆ ಕಟ್ಟಿದ ಗೋಣಿಚೀಲ

ಇವತ್ತು ರಾಜಕೀಯ ಇಲ್ಲ. ಯಾರು ಯಾರಿಗೆ ತಿರುಗೇಟು ಕೊಟ್ಟರು, ಯಾರು ದೆಹಲಿ ವಿಮಾನ ಹತ್ತಿದರು ಅನ್ನೋದನ್ನೆಲ್ಲ ಒಂಬತ್ತು ಗಂಟೆಯ ಸುದ್ದಿಯಲ್ಲಿ ನೋಡಿಯೇ ಇರ್ತೀರಿ. ನಾಳೆ ಸೆಪ್ಟೆಂಬರ್ 5. ಬೆಳಗಾದರೆ ಎಲ್ಲ ಚಾನೆಲ್‌ಗಳಲ್ಲೂ, ನಮ್ಮದೂ ಸೇರಿ, ಗುರುವಂದನೆ ಶುರುವಾಗುತ್ತೆ. ರಾಧಾಕೃಷ್ಣನ್ ಅವರ ಫೋಟೋಗೆ ಹಾರ, ನಿವೃತ್ತ ಮೇಷ್ಟ್ರುಗಳಿಗೆ ಶಾಲು, ಹಣ್ಣಿನ ಬುಟ್ಟಿ. ಆಗಲಿ, ಬೇಡ ಅನ್ನೋಲ್ಲ. ಆದರೆ ನಾನು ಇವತ್ತು ಮಾತಾಡಬೇಕು ಅಂದುಕೊಂಡಿರೋದು ಮೇಷ್ಟ್ರಾಗಿರುವವರ ಬಗ್ಗೆ ಅಲ್ಲ, ಇನ್ನೂ ಮೇಷ್ಟ್ರಾಗದವರ ಬಗ್ಗೆ. ಅವರ ತಲೆಯೊಳಗಿರುವ ಒಂದು ಕೋಣೆಯ ಬಗ್ಗೆ.

ಕಳೆದ ತಿಂಗಳು ಮಲೆನಾಡಿನ ಅಂಚಿನ ಊರೊಂದರ ಬಿ.ಇಡಿ. ಕಾಲೇಜಿನವರು ಕರೆದಿದ್ದರು. ಎರಡನೇ ವರ್ಷದವರಿಗೆ ಒಂದು ಸ್ಪರ್ಧೆ, ಹೆಸರು ‘ನನ್ನ ಕನಸಿನ ತರಗತಿ ಕೋಣೆ’. ಡ್ರಾಯಿಂಗ್ ಶೀಟಿನಲ್ಲಿ ಚಿತ್ರ ಬರೆದು ಕೆಳಗೆ ಹತ್ತು ಸಾಲು ವಿವರಣೆ ಕೊಡಬೇಕು. ಮೂರು ಬಹುಮಾನ ಆರಿಸೋದು, ಆಮೇಲೆ ಅರ್ಧ ಗಂಟೆ ಮಾತಾಡೋದು ನನ್ನ ಕೆಲಸ. ಟಿವಿಯವರಿಗೆ ಎಲ್ಲ ಗೊತ್ತಿರುತ್ತೆ ಅನ್ನೋ ನಂಬಿಕೆ ಊರುಗಳಲ್ಲಿ ಇನ್ನೂ ಉಳಿದಿದೆ. ನಾನೂ ಅದನ್ನ ಕೆಡಿಸೋಕೆ ಹೋಗಲಿಲ್ಲ.

ಸಭಾಂಗಣದ ಗೋಡೆಯುದ್ದಕ್ಕೂ ದಾರ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಹಾಳೆಗಳನ್ನು ತೂಗುಹಾಕಿದ್ದರು. ಒಂದು ಸುತ್ತು ಹಾಕಿದೆ. ಚೆನ್ನಾಗಿದ್ದವು. ಗೋಡೆಯಷ್ಟಗಲದ ಸ್ಮಾರ್ಟ್ ಬೋರ್ಡು, ಎಸಿ, ಪ್ರೊಜೆಕ್ಟರ್, ದುಂಡನೆಯ ಬಣ್ಣದ ಮೇಜುಗಳು, ಚಾವಣಿಯಲ್ಲಿ ನಕ್ಷತ್ರ, ಮೂಲೆಯಲ್ಲಿ ಮನಿಪ್ಲಾಂಟ್, ಗೋಡೆಯ ಮೇಲೆ ಕುವೆಂಪು ಮತ್ತು ಸರ್ ಎಂ.ವಿ. ಮೂರ್ನಾಲ್ಕು ಹಾಳೆಗಳಲ್ಲಿ ಸಿಸಿ ಕ್ಯಾಮೆರಾ ಕೂಡ ಇತ್ತು. ಕನಸಲ್ಲೂ ಕ್ಯಾಮೆರಾ ಯಾಕಪ್ಪಾ ಅನ್ನಿಸಿತು. ಆದರೆ ದಿನಾ ಕ್ಯಾಮೆರಾ ಮುಂದೆ ಕೂತು ಸಂಬಳ ತಗೊಳೋಳು ನಾನು, ಆ ಪ್ರಶ್ನೆ ಕೇಳೋ ಹಕ್ಕು ನನಗಿಲ್ಲ.

ಎರಡನೇ ಸುತ್ತಿನಲ್ಲಿ ಒಂದು ಗಮನಕ್ಕೆ ಬಂತು. ಹೆಚ್ಚುಕಮ್ಮಿ ಎಲ್ಲ ಚಿತ್ರಗಳಲ್ಲೂ ಟೀಚರ್ ಮೇಜು ಇದೆ, ಮೇಲೊಂದು ಹೂದಾನಿಯೂ ಇದೆ. ಮಕ್ಕಳಿಲ್ಲ. ಬೆಂಚಿದೆ, ಕೂತವರಿಲ್ಲ. ಪಕ್ಕದಲ್ಲಿದ್ದ ಹುಡುಗಿಯನ್ನ ಕೇಳಿದೆ, “ಈ ಕೋಣೇಲಿ ಎಷ್ಟು ಮಕ್ಕಳಮ್ಮಾ?” ಅಂತ. “ಇಪ್ಪತ್ತು ಮೇಡಂ” ಅಂದಳು. “ಇಪ್ಪತ್ತೇನಾ?” ಅಂದೆ. “ಕನಸಿನ ಕ್ಲಾಸು ಅಲ್ವಾ ಮೇಡಂ” ಅಂದಳು. ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ.

ಭಾಷಣಕ್ಕೆ ಅಂತ ವೇದಿಕೆ ಹತ್ತಿದೆ, ಎರಡು ವಾಕ್ಯ ಆಡಿದೆ, ಮಳೆ ಶುರುವಾಯಿತು. ಸಭಾಂಗಣಕ್ಕೆ ತಗಡಿನ ಶೀಟಿನ ಸೂರು. ಆ ಕಡೆಯವರಿಗೆ ಗೊತ್ತು, ಶೀಟಿನ ಮೇಲೆ ಆಷಾಢ ಶ್ರಾವಣದ ಮಳೆ ಬಿತ್ತು ಅಂದರೆ ಪಕ್ಕದಲ್ಲಿ ಕೂತವರ ಮಾತು ಕೇಳಲ್ಲ. ಮೈಕು ಸೋತಿತು. ಪ್ರಾಂಶುಪಾಲರು ಕೈಸನ್ನೆಯಲ್ಲೇ ‘ಸ್ವಲ್ಪ ನಿಲ್ಲಿಸಿ’ ಅಂದರು. ಆದರ್ಶ ತರಗತಿಯ ಬಗ್ಗೆ ಮಾತಾಡೋಕೆ ಬಂದವಳನ್ನು ಕೋಣೆಯೇ ಬಾಯಿ ಮುಚ್ಚಿಸಿತು. ಒಂದು ವರ್ಷದಲ್ಲಿ ಎಷ್ಟು ಪಿರಿಯಡ್ಡು ಹೀಗೆ ಹೋಗುತ್ತೋ! ಅಷ್ಟೊಂದು ಹಾಳೆ ತೂಗುಹಾಕಿದ್ದರಲ್ಲ, ಎಸಿ ಬರೆದವರಿದ್ದರು, ಶೀಟಿನ ಕೆಳಗೊಂದು ಒಳಚಾವಣಿ ಬರೆದವರು ನನಗಂತೂ ಕಾಣಲಿಲ್ಲ. ತಲೆಯ ಮೇಲೇ ಇರೋದು ಕನಸಿಗೆ ಬರಲ್ಲ ಅಂತ ಕಾಣುತ್ತೆ.

ವೇದಿಕೆ ಇಳಿದು ಒಬ್ಬೊಬ್ಬರ ಹತ್ತಿರ ಹೋಗಿ, ಕಿವಿ ಹತ್ತಿರ ಕೂಗಿ ಮಾತಾಡಿಸಿದೆ. ನಿಜವಾದ ಕಾರ್ಯಕ್ರಮ ಶುರುವಾಗಿದ್ದು ಆಗಲೇ.

ಕೋಣೆಯ ನಾಲ್ಕು ಮೂಲೆಗೂ ನಾಲ್ಕು ಫ್ಯಾನ್ ಬರೆದಿದ್ದವನು ಬಯಲುಸೀಮೆ ಹುಡುಗ. ಅವನು ಓದಿದ ಶಾಲೆಗೂ ಶೀಟೇ. ಮಾರ್ಚಿ ತಿಂಗಳ ಮಧ್ಯಾಹ್ನ ಕ್ಲಾಸಿಗೆ ಕ್ಲಾಸೇ ತೂಕಡಿಸುತ್ತಿತ್ತಂತೆ, ಮೇಷ್ಟ್ರು ಸೇರಿ. ಇನ್ನೊಬ್ಬಳು ತರಗತಿಗೇ ಅಂಟಿಕೊಂಡಂತೆ ಶೌಚಾಲಯ ಬರೆದಿದ್ದಳು, ಮನೆಗಳಲ್ಲಿ ಅಟ್ಯಾಚ್ಡ್ ಬಾತ್‌ರೂಮ್ ಇರುತ್ತಲ್ಲ ಹಾಗೆ. ಅವಳ ಗೆಳತಿಯರಿಗೆ ಅದು ತಮಾಷೆ. ನಾನೂ ತಮಾಷೆಗೇ ಕೇಳಿದೆ. ಅವಳು ನಗಲಿಲ್ಲ. “ಹೈಸ್ಕೂಲಲ್ಲಿ ನಾವು ಹುಡುಗೀರು ಬೆಳಗ್ಗೆಯಿಂದ ನೀರೇ ಕುಡೀತಿರಲಿಲ್ಲ ಮೇಡಂ. ಟಾಯ್ಲೆಟ್ ಇತ್ತು, ಮೈದಾನದ ಆ ತುದೀಲಿ. ಹುಡುಗರ ಎದುರಿಗೇ ನಡ್ಕೊಂಡು ಹೋಗಬೇಕಿತ್ತು. ಬೀಗದ ಕೀ ಆಫೀಸಲ್ಲಿ ಕೇಳಬೇಕಿತ್ತು” ಅಂದಳು.

ನಾನು ನಗುವನ್ನ ವಾಪಸ್ ತಗೊಂಡೆ.

ಶಿಕ್ಷಣ ಹಕ್ಕು ಕಾಯ್ದೆ ಅಂತ ಇದೆ. 2009ರದ್ದು, 2010ರ ಏಪ್ರಿಲ್ 1ರಿಂದ ಜಾರಿ. ಅದರ ಅನುಸೂಚಿಯಲ್ಲಿ ಶಾಲಾ ಕಟ್ಟಡ ಹೇಗಿರಬೇಕು ಅಂತ ಪಟ್ಟಿ ಇದೆ. ಎಲ್ಲ ಋತುವಿನಲ್ಲೂ ಬಳಸಬಹುದಾದ ಕಟ್ಟಡ, ಒಬ್ಬ ಶಿಕ್ಷಕರಿಗೆ ಒಂದಾದರೂ ಕೋಣೆ, ಅಡೆತಡೆಯಿಲ್ಲದ ಪ್ರವೇಶ, ಗಂಡು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಕುಡಿಯುವ ನೀರು, ಆಟದ ಮೈದಾನ, ಕಾಂಪೌಂಡು. ಒಳ್ಳೆಯ ಪಟ್ಟಿ. ಆದರೆ ಶೌಚಾಲಯಕ್ಕೆ ಹೋಗುವ ದಾರಿ ಯಾರ ಮುಂದೆ ಹಾದುಹೋಗುತ್ತೆ ಅಂತ ಅದು ಕೇಳಲ್ಲ. ಕಿಟಕಿ ಯಾವ ಕಡೆಗಿರಬೇಕು, ಬೋರ್ಡು ನೆಲದಿಂದ ಎಷ್ಟೆತ್ತರದಲ್ಲಿರಬೇಕು ಅಂತಲೂ ಹೇಳಲ್ಲ. ಕಾಯ್ದೆ ಎಣಿಸುತ್ತೆ, ಅಷ್ಟು ಮಾಡಿದರೆ ಅದರ ಕೆಲಸ ಮುಗೀತು. ಒಳಗೆ ಕೂತು ನೋಡೋ ಕೆಲಸ ಬೇರೆ ಯಾರೋ ಮಾಡಬೇಕು.

ಆ ಗೋಡೆಯ ಕೊನೇಲಿ, ಪಾತ್ರೆ ಇಟ್ಟಿದ್ದ ಮೇಜಿನ ಹಿಂದೆ, ಒಂದು ಹಾಳೆ ಇತ್ತು. ಬಣ್ಣ ಇಲ್ಲ, ಬರೀ ಪೆನ್ಸಿಲ್. ಬರೆದ ಹುಡುಗ ಇಂಟರ್ನ್‌ಶಿಪ್ಪಿಗೆ ಹೋಗಿದ್ದ ಶಾಲೆಯ ಎಂಟನೇ ತರಗತಿಯ ನಕ್ಷೆ ಅದು, ಮೇಲಿಂದ ನೋಡಿದ ಹಾಗೆ. ಬೆಂಚುಗಳಿಗೆ ನಂಬರ್ ಕೊಟ್ಟು, ಒಂದೊಂದರ ಪಕ್ಕದಲ್ಲೂ ಸಣ್ಣ ಅಕ್ಷರದಲ್ಲಿ ಟಿಪ್ಪಣಿ ಬರೆದಿದ್ದ: ‘ಇಲ್ಲಿಂದ ಬೋರ್ಡಿನ ಎಡಮೂಲೆ ಕಾಣುವುದಿಲ್ಲ, ಬೀರು ಅಡ್ಡ.’ ‘ಇಲ್ಲಿ ಹನ್ನೊಂದರ ತನಕ ಬಿಸಿಲು ಮುಖಕ್ಕೆ.’ ‘ಇಲ್ಲಿ ಬಿಸಿಯೂಟದ ಕೋಣೆಯ ಹೊಗೆ.’ ‘ಇಲ್ಲಿ ಕೂತವಳು ಎಡಗೈಯಲ್ಲಿ ಬರೆಯುತ್ತಾಳೆ, ಕಿಟಕಿ ಎಡಕ್ಕಿರುವುದರಿಂದ ನೆರಳು ಪುಸ್ತಕದ ಮೇಲೆ.’ ಇದನ್ನ ಓದುತ್ತಾ ನನಗೆ ಮಳೆಯ ಸದ್ದು ಮರೆತುಹೋಯಿತು.

ಇದೆಲ್ಲ ಹೇಗೆ ಗೊತ್ತಾಯ್ತಪ್ಪಾ ಅಂತ ಕೇಳಿದೆ. ಬಿ.ಇಡಿ. ಮಾಡಿದವರಿಗೆ ಗೊತ್ತಿರುತ್ತೆ, ಪಾಠಾಭ್ಯಾಸದಲ್ಲಿ ಒಬ್ಬರು ಪಾಠ ಮಾಡುವಾಗ ಮಾರ್ಗದರ್ಶಕರು, ಜೊತೆಯವರು ಹಿಂದಿನ ಬೆಂಚಿನಲ್ಲಿ ಕೂತು ವೀಕ್ಷಣಾ ಪುಸ್ತಕದಲ್ಲಿ ಬರ್ಕೋತಾರೆ. ಪೀಠಿಕೆ ಹೇಗಿತ್ತು, ಬೋರ್ಡ್ ಬಳಕೆ ಹೇಗಿತ್ತು, ಪ್ರಶ್ನೆ ಎಷ್ಟು ಕೇಳಿದರು ಅಂತ. ಇವನು ಗೆಳೆಯನ ಪಾಠ ನೋಡೋಕೆ ಕೂತಾಗ ಅವನು ರಾತ್ರಿಯೆಲ್ಲ ಕೂತು ಬರೆದಿದ್ದ ಚಾರ್ಟೇ ಕಾಣಲಿಲ್ಲವಂತೆ. ನನಗೇ ಕಾಣಲಿಲ್ಲ ಅಂದಮೇಲೆ ಈ ಹುಡುಗರು ದಿನಾ ಏನು ಮಾಡ್ತಾರೆ ಅಂತ ಮಾರನೇ ದಿನ ಊಟದ ಬಿಡುವಿನಲ್ಲಿ ಒಂದೊಂದೇ ಬೆಂಚಿನಲ್ಲಿ ಕೂತು ನೋಡಿದ್ದಾನೆ.

ಅವನ ಮಾತು ಕೇಳ್ತಾ ನಾನು ಇಪ್ಪತ್ತೆರಡು ವರ್ಷ ಹಿಂದಕ್ಕೆ ಹೋದೆ.

2003. ಚಿತ್ರದುರ್ಗ ಜಿಲ್ಲೆಯ ಒಂದು ಹೈಸ್ಕೂಲು, ಎಂಟನೇ ಕ್ಲಾಸು. ಹುಡುಗರು ಬಲಕ್ಕೆ ಕಿಟಕಿ ಕಡೆ, ಹುಡುಗಿಯರು ಎಡಕ್ಕೆ ಗೋಡೆ ಕಡೆ. ಕುಳ್ಳಗಿದ್ದವರು ಮುಂದಿನ ಬೆಂಚಿಗೆ. ನಾನು ಎರಡನೇ ಬೆಂಚು. ಅದಕ್ಕೂ ಹಿಂದಿನ ವರ್ಷದವರೆಗೆ ಆ ಶಾಲೆಯ ಬೋರ್ಡಿಗೆ ತೊಂಡೆ ಸೊಪ್ಪು, ಇದ್ದಿಲು ಅರೆದು ಹುಡುಗರ ಕೈಲಿ ಬಳಿಸುತ್ತಿದ್ದರಂತೆ. ನಾವು ಹೋದ ವರ್ಷ ಯಾರೋ ದಾನಿಗಳು ಕೊಟ್ಟ ಹಣದಲ್ಲಿ ಹೊಸದಾಗಿ ಕಪ್ಪು ಎನಾಮಲ್ ಪೇಂಟ್ ಹೊಡೆಸಿದ್ದರು. ಫಳಫಳ ಅಂತಿತ್ತು. ಊರವರಿಗೆಲ್ಲ ಹೆಮ್ಮೆ.

ಗಣಿತ ಮಧ್ಯಾಹ್ನದ ಪಿರಿಯಡ್ಡು. ಬೋರ್ಡಿನ ಹತ್ತಿರದ ಕಿಟಕಿಯಿಂದ ಬಿಸಿಲು ಬೀಳ್ತಿತ್ತು. ನಮ್ಮ ಬೆಂಚಿಗೆ ಬೋರ್ಡಿನ ಮಧ್ಯಭಾಗ ಕಾಣ್ತಾನೇ ಇರಲಿಲ್ಲ, ಬರೀ ಬಿಳಿ ಹೊಳಪು. 3 ಯಾವುದು, 8 ಯಾವುದು ತಿಳೀತಿರಲಿಲ್ಲ. ಪಕ್ಕದವಳ ನೋಟ್ಸ್ ನೋಡಿದರೆ ಅವಳೂ ನನ್ನ ನೋಟ್ಸ್ ನೋಡ್ತಿರೋಳೇ. ತಪ್ಪಾಗಿ ಇಳಿಸಿಕೊಂಡ ಲೆಕ್ಕ ಮನೆಗೆ ಹೋಗಿ ಮಾಡಿದರೆ ಉತ್ತರ ಎಲ್ಲಿಂದ ಬರಬೇಕು? ಮೊದಲ ಮೂರು ಬೆಂಚಿನ ಹುಡುಗಿಯರು ಗಣಿತದಲ್ಲಿ ಸಾಲಾಗಿ ಫೇಲು. ಮೇಷ್ಟ್ರಿಗೆ ಕಾರಣ ಗೊತ್ತಿತ್ತು: ಹುಡುಗೀರಿಗೆ ಲೆಕ್ಕ ತಲೆಗೆ ಹತ್ತಲ್ಲ. ಮುಂದೆ ಕೂತಿದ್ರೂ ಹತ್ತಲ್ಲ! ನಾವೂ ಅದನ್ನ ನಂಬಿದ್ದೆವು. ಕಣ್ಣು ಸರಿಯಿಲ್ಲ ಅಂತಲೂ ನಮಗೆ ಅನ್ನಿಸಲಿಲ್ಲ, ತಲೆಯೇ ಸರಿಯಿಲ್ಲ ಅಂದುಕೊಂಡಿದ್ದೆವು.

ಆಗ ಬಿ.ಇಡಿ. ಇನ್ನೂ ಒಂದೇ ವರ್ಷದ್ದು. ಪಾಠಾಭ್ಯಾಸಕ್ಕೆ ಅಂತ ಕೆಲವು ವಾರ ಒಂದಷ್ಟು ಜನ ಬಂದರು. ಅದರಲ್ಲಿ ಗಣಿತದ ಒಬ್ಬ ಮಿಸ್. ಮೂರನೇ ದಿನ ನನ್ನನ್ನ ಎಬ್ಬಿಸಿ ಬೋರ್ಡಿನಲ್ಲಿರೋದನ್ನ ಓದು ಅಂದರು. ತಪ್ಪಾಗಿ ಓದಿದೆ. ಪಕ್ಕದವಳೂ ಅದೇ ತಪ್ಪು ಓದಿದಳು. ಬೈಯಲಿಲ್ಲ. ‘ಸ್ವಲ್ಪ ಸರಿಯಮ್ಮಾ’ ಅಂತ ಹೇಳಿ ನನ್ನ ಜಾಗದಲ್ಲಿ ಬಂದು ಕೂತರು. ಬೋರ್ಡ್ ಕಡೆ ನೋಡಿದರು. ಬಗ್ಗಿ ನಮ್ಮ ಎತ್ತರಕ್ಕೆ ತಲೆ ಇಳಿಸಿ ಮತ್ತೆ ನೋಡಿದರು. ‘ಅಯ್ಯೋ’ ಅಂದರು. ಅಷ್ಟೇ. ಮಾರನೇ ದಿನ ಬರುವಾಗ ಒಂದು ಗೋಣಿಚೀಲ ತಂದು ಆ ಕಿಟಕಿಗೆ ಕಟ್ಟಿದರು.

ಇದರ ಹಿಂದಿನ ವಿಜ್ಞಾನ ಏನೂ ದೊಡ್ಡದಲ್ಲ. ನುಣುಪಾದ ಮೇಲ್ಮೈಗೆ ಬೆಳಕು ಯಾವ ಕೋನದಲ್ಲಿ ಬಂದು ಬಡಿಯುತ್ತೋ ಅದೇ ಕೋನದಲ್ಲಿ ಆಚೆ ಕಡೆ ಹೋಗುತ್ತೆ. ಬಲಗಡೆ ಕಿಟಕಿಯ ಬೆಳಕು ಬೋರ್ಡಿಗೆ ಬಿದ್ದು ಎಡಗಡೆ ಮುಂದಿನ ಬೆಂಚಿಗೆ ಬರುತ್ತೆ. ಹುಡುಗರ ಸಾಲಿಗೆ ಅದು ಕಾಣಲ್ಲ, ಬೋರ್ಡಿನ ಪಕ್ಕ ನಿಂತ ಮೇಷ್ಟ್ರಿಗಂತೂ ಕಾಣೋದೇ ಇಲ್ಲ. ಇದ್ದಿಲು ಬಳಿದ ಒರಟು ಬೋರ್ಡಾಗಿದ್ದರೆ ಬೆಳಕು ಎಲ್ಲ ಕಡೆ ಚದುರಿ ಹೋಗ್ತಿತ್ತು, ಯಾರಿಗೂ ತೊಂದರೆ ಇರ್ತಿರಲಿಲ್ಲ. ನಾನು ಮುಂದೆ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿದೆ. ಪ್ರತಿಫಲನದ ನಿಯಮಗಳನ್ನ ಪಿಯುಸಿಯಲ್ಲಿ, ಎಂಜಿನಿಯರಿಂಗ್‌ನಲ್ಲಿ ಮತ್ತೆ ಮತ್ತೆ ಓದಿದೆ. ಓದುವಾಗೆಲ್ಲ ನನಗೆ ನೆನಪಾಗ್ತಿದ್ದಿದ್ದು ಕನ್ನಡಿ ಅಲ್ಲ, ಆ ಬೋರ್ಡು.

ಈಗ ನಾನು ಕೂತಿರೋ ಈ ಸ್ಟುಡಿಯೋ ನೋಡಿ. ನಾನು ಬಂದು ಕೂರೋ ಮುಂಚೆ ಇಬ್ಬರು ಹುಡುಗರು ಲೈಟ್ ಸರಿಮಾಡ್ತಾರೆ. ನನ್ನ ಕುರ್ಚಿಯಿಂದ ನೋಡಿ ಅಲ್ಲ, ಆ ಕಡೆ ಮಾನಿಟರ್ ನೋಡ್ಕೊಂಡು, ಅಂದರೆ ನಿಮ್ಮ ಕಣ್ಣಿಂದ. ಕನ್ನಡಕದ ಗಾಜು ಹೊಳೀತಿದೆ, ಹಿಂದಿನ ಪರದೆ ಮಿನುಗ್ತಿದೆ ಅಂದರೆ ಕಾರ್ಯಕ್ರಮವೇ ಶುರುವಾಗಲ್ಲ. ನೀವು ಚಾನೆಲ್ ಬದಲಾಯಿಸಿಬಿಡ್ತೀರಿ ಅನ್ನೋ ಭಯ. ಎಂಟನೇ ಕ್ಲಾಸಿನ ಹುಡುಗಿ ಚಾನೆಲ್ ಬದಲಾಯಿಸೋ ಹಾಗಿಲ್ಲವಲ್ಲ, ಅದಕ್ಕೇ ಅವಳ ಜಾಗದಿಂದ ಯಾರೂ ನೋಡಲ್ಲ.

2025ರಲ್ಲಿ ಬೆಂಚಿನದ್ದೇ ದೊಡ್ಡ ಸುದ್ದಿ ಆಯಿತು, ನೆನಪಿದೆಯಾ? 2024ರಲ್ಲಿ ‘ಸ್ಥಾನಾರ್ಥಿ ಶ್ರೀಕುಟ್ಟನ್’ ಅಂತ ಒಂದು ಮಲಯಾಳಂ ಸಿನಿಮಾ ಬಂತು. ಅದನ್ನ ನೋಡಿ ಕೇರಳದ ಕೆಲವು ಶಾಲೆಗಳು ಬೆಂಚುಗಳನ್ನ ಮೂರೂ ಗೋಡೆಗೆ ಹೊಂದಿಸಿ, ನಡುವೆ ಜಾಗ ಬಿಟ್ಟು ಜೋಡಿಸಿದವು. ಎಲ್ಲರೂ ಮುಂದಿನ ಬೆಂಚಿನವರೇ, ಹಿಂದಿನ ಬೆಂಚೇ ಇಲ್ಲ. ತಮಿಳುನಾಡಿನಲ್ಲೂ ಅದೇ ಮಾತು ಎದ್ದಿತು. ತಮಿಳಿನ ‘ಪ’ ಅಕ್ಷರದ ಆಕಾರ ಹಾಗೇ ಇರೋದರಿಂದ ಅಲ್ಲಿ ಅದಕ್ಕೆ ಅದೇ ಹೆಸರು. ನಾವೂ ಎರಡು ದಿನ ಅದನ್ನೇ ತೋರಿಸಿದೆವು, ಇನ್ನುಮುಂದೆ ಲಾಸ್ಟ್ ಬೆಂಚ್ ಇಲ್ಲ ಅಂತ ಕೆಳಗೆ ಪಟ್ಟಿ ಓಡಿಸಿದೆವು. ಆಶಯ ಒಳ್ಳೆಯದೇ, ನನಗೂ ಇಷ್ಟವಾಯಿತು. ಆದರೆ ಅಳತೆ ಟೇಪ್ ಹಿಡಿದು ನೋಡಬೇಕಾಗುತ್ತೆ. ಇಪ್ಪತ್ತಡಿ ಅಗಲದ ಕೋಣೆಯಲ್ಲಿ ಐವತ್ತು ಮಕ್ಕಳನ್ನ ಹಾಗೆ ಕೂರಿಸಿದರೆ ಒಂದೇ ಸಾಲಿನಲ್ಲಿ ಹಿಡಿಸಲ್ಲ, ಎರಡನೇ ಸಾಲು ಬರುತ್ತೆ, ಹಿಂದಿನ ಬೆಂಚು ಹಿಂಬಾಗಿಲಿಂದ ವಾಪಸ್ ಬರುತ್ತೆ. ಎರಡು ಪಕ್ಕದವರು ಇಡೀ ದಿನ ಕತ್ತು ತಿರುಗಿಸಿಕೊಂಡೇ ಇರಬೇಕು. ಬೋರ್ಡು ಹೊಳೆಯೋದಾದರೆ ಈಗ ಹೊಳಪು ಇನ್ನಷ್ಟು ಜನಕ್ಕೆ. ಇಪ್ಪತ್ತೈದು ಮಕ್ಕಳಿರೋ ಕಡೆ ಇದು ಸೊಗಸು. ಹಾಗಿಲ್ಲದ ಕಡೆ ಸುತ್ತೋಲೆಯಿಂದ ಬೆಂಚು ತಿರುಗಿಸಿದರೆ ಫೋಟೋ ಚೆನ್ನಾಗಿ ಬರುತ್ತೆ.

ನಮ್ಮಲ್ಲೇ ಇದಕ್ಕಿಂತ ಹಳೆಯದೊಂದು ಇದೆ, ಅದನ್ನ ಯಾರೂ ಬ್ರೇಕಿಂಗ್ ನ್ಯೂಸ್ ಮಾಡಲಿಲ್ಲ. ನಲಿ-ಕಲಿ. 1990ರ ದಶಕದ ಮಧ್ಯದಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಪದ್ಧತಿ ನೋಡಿ ಬಂದು ಶುರುಮಾಡಿದ್ದು, 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಪಾಠದ ವಿಷಯ ಪಕ್ಕಕ್ಕಿಡಿ, ಕೋಣೆಯನ್ನ ನೋಡಿ. ಮಕ್ಕಳು ಗುಂಪುಗುಂಪಾಗಿ ದುಂಡಗೆ ಕೂರ್ತಾರೆ. ಗೋಡೆಯ ಕೆಳಭಾಗದುದ್ದಕ್ಕೂ ಮಗುವಿನ ಕೈಗೆ ಎಟಕುವ ಎತ್ತರದಲ್ಲಿ ಕಪ್ಪುಹಲಗೆ, ಬರೆಯೋದು ಮಗು. ತಲೆಯ ಮೇಲೆ ದಾರ ಎಳೆದು ‘ಚಪ್ಪರ’, ಅದರಲ್ಲಿ ತೂಗೋದು ಮಕ್ಕಳು ಬರೆದ ಚಿತ್ರ, ಕತ್ತರಿಸಿದ ಕಾಗದ. ಇದರ ಪಾಠ ಪದ್ಧತಿ ಬಗ್ಗೆ ಪರ ವಿರೋಧ ಸಾಕಷ್ಟಿದೆ, ಒಬ್ಬರೇ ಟೀಚರ್ ಮೂರು ತರಗತಿ ಒಟ್ಟಿಗೆ ನಿಭಾಯಿಸೋ ಪಾಡು ಅವರಿಗೇ ಗೊತ್ತು. ಆದರೆ ಆ ಕೆಳಗಿನ ಬೋರ್ಡಿದೆಯಲ್ಲ, ಅದನ್ನ ಬಳಿಸಿದವರು ಮೊದಲು ನೆಲದಲ್ಲಿ ಕೂತು ನೋಡಿದ್ದಾರೆ ಅಂತ ನಾನು ಆಣೆ ಮಾಡಿ ಹೇಳ್ತೀನಿ.

ಇನ್ನೊಂದು, ಎಂಜಿನಿಯರ್ ಬುದ್ಧಿಗೆ ಬಲು ಇಷ್ಟವಾದದ್ದು. ಕಬೀರ್ ವಾಜಪೇಯಿ ಅನ್ನೋ ವಾಸ್ತುಶಿಲ್ಪಿ ಮತ್ತು ಅವರ ತಂಡ ರೂಪಿಸಿದ ‘ಬಾಲಾ’ ಅನ್ನೋ ಕಲ್ಪನೆ. ಕಟ್ಟಡವೇ ಪಾಠೋಪಕರಣ ಆಗಬೇಕು ಅನ್ನೋದು. ಬಾಗಿಲು ತೆರೆಯುವ ಜಾಗದಲ್ಲಿ ನೆಲದ ಮೇಲೆ ಕೋನಮಾಪಕ ಬರೆದುಬಿಡ್ತಾರೆ. ಬಾಗಿಲು ತೆಗೆದ ಹಾಗೆ 30 ಡಿಗ್ರಿ, 60 ಡಿಗ್ರಿ, 90 ಡಿಗ್ರಿ. ಖರ್ಚು ಒಂದು ಡಬ್ಬಿ ಪೇಂಟು. ನನಗಾಗಿದ್ದೂ ಒಂದು ಡಬ್ಬಿ ಪೇಂಟಿನಿಂದಲೇ, ಅದಕ್ಕೇ ಹೇಳ್ತಿದ್ದೀನಿ.

ಮಳೆ ನಿಂತಿತು. ಬಹುಮಾನ ಹಂಚೋ ಹೊತ್ತು. ಆ ಪೆನ್ಸಿಲ್ ಹಾಳೆಗೆ ಮೊದಲನೆಯದು ಅಂತ ಮನಸ್ಸಿನಲ್ಲಿತ್ತು. ಉಪನ್ಯಾಸಕರೊಬ್ಬರು ಮೆಲ್ಲಗೆ ಹೇಳಿದರು, “ಅದು ಕನಸಿನ ಕೋಣೆ ಅಲ್ಲ ಮೇಡಂ, ಇರೋದೇ. ವಿಷಯಕ್ಕೆ ಹೊಂದಲ್ಲ.” ನಾನು ಏನು ಮಾಡಿದೆ ಗೊತ್ತಾ? ಅದಕ್ಕೆ ಮೂರನೆಯದು ಕೊಟ್ಟೆ. ಮೊದಲನೆಯದು ನಕ್ಷತ್ರದ ಚಾವಣಿಗೆ. ದಿನಾ ಮಂತ್ರಿಗಳಿಗೆ ಎದುರು ಪ್ರಶ್ನೆ ಕೇಳ್ತೀನಿ ಅಂತ ಬೀಗೋಳು, ಒಂದು ಕಾಲೇಜಿನ ಚಿತ್ರಸ್ಪರ್ಧೆಯಲ್ಲಿ ಅಂಜಿಬಿಟ್ಟೆ. ಬೆಂಗಳೂರು ದಾರಿಯಲ್ಲಿ ತರೀಕೆರೆ ದಾಟೋವರೆಗೂ ಕಾರಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ.

ಹೊರಡೋ ಮುಂಚೆ ಅವನನ್ನ ಕೇಳಿದ್ದೆ, ಆ ಬೀರು ಸರಿಸಿದೆಯಾ ಅಂತ. ಹೆಡ್‌ಮಾಸ್ಟರನ್ನ ಕೇಳಿದನಂತೆ. “ಅದರಲ್ಲಿ ದಾಖಲೆ ಇದಾವೆ, ಮುಟ್ಟಬೇಡಿ, ನೀವು ಬಂದಿರೋದು ಪಾಠಕ್ಕೆ” ಅಂದರಂತೆ. ಹಾಗಾಗಿ ಇವನೂ ಹುಡುಗರೂ ಸೇರಿ ಆ ಒಂದು ಬೆಂಚನ್ನ ಎರಡಡಿ ಈ ಕಡೆಗೆ ಎಳೆದರು. “ಈಗ ಕಾಣುತ್ತೆ ಮೇಡಂ. ಆದ್ರೆ ಓಡಾಡೋಕೆ ಸ್ವಲ್ಪ ಇಕ್ಕಟ್ಟು” ಅಂದ. ಎಡಗೈ ಹುಡುಗಿಯನ್ನ ಬೆಂಚಿನ ಆ ತುದಿಗೆ ತಿರುಗಿಸಿ ಕೂರಿಸಿದ. ಹೊಗೆಗೆ ಏನೂ ಮಾಡೋಕಾಗಲಿಲ್ಲ. ಇಂಟರ್ನ್‌ಶಿಪ್ ಮುಗಿದ ಮೇಲೆ ಆ ಬೆಂಚು ಎಲ್ಲಿದೆಯೋ ಅವನಿಗೂ ಗೊತ್ತಿಲ್ಲ.

ಆಮೇಲೆ ಅವನೇ ಒಂದು ಕೇಳಿದ. “ನಿಮ್ಮ ಶಾಲೇಲಿ ಆ ಗೋಣಿಚೀಲ ಏನಾಯ್ತು ಮೇಡಂ?”

ಅವನಿಗೆ ಹೇಳಿದ್ದನ್ನೇ ಈಗ ಆ ಮಿಸ್‌ಗೂ ಹೇಳಿಬಿಡ್ತೀನಿ. ಹೆಸರು ನನಗೆ ನೆನಪಿಲ್ಲ, ನಾವು ಹೊಸ ಮಿಸ್ ಅಂತಲೇ ಕರೀತಿದ್ದೆವು. ಈಗ ಎಲ್ಲೋ ಹೈಸ್ಕೂಲಿನಲ್ಲಿರಬಹುದು, ಹೆಡ್‌ಮಿಸ್ಟ್ರೆಸ್ಸೇ ಆಗಿರಬಹುದು. ಮಿಸ್, ನೀವು ಹೋದ ಮುಂದಿನ ವಾರ ಇನ್‌ಸ್ಪೆಕ್ಷನ್ ಬಂತು. ಅಸಹ್ಯವಾಗಿ ಕಾಣುತ್ತೆ ಅಂತ ಗೋಣಿಚೀಲ ಬಿಚ್ಚಿ ಬಾಗಿಲ ಹತ್ತಿರ ಕಾಲೊರೆಸೋಕೆ ಹಾಕಿದರು. ಬೋರ್ಡು ಮತ್ತೆ ಹೊಳೆಯೋಕೆ ಶುರುವಾಯಿತು. ಆದರೆ ಆ ಮಧ್ಯಾಹ್ನ ಮುಂದಿನ ಬೆಂಚಿಂದ ಒಬ್ಬಳು ಎದ್ದು ನಿಂತು, “ಸಾರ್, ಬೋರ್ಡ್ ಹೊಳೀತಿದೆ, ನಮಗೆ ಕಾಣಲ್ಲ” ಅಂದಳು. ಅಲ್ಲಿಯವರೆಗೆ ಹಾಗಂತ ಯಾರೂ ಹೇಳಿರಲಿಲ್ಲ. ಮೇಷ್ಟ್ರು ಗೊಣಗಿಕೊಂಡೇ ಈ ಪಕ್ಕಕ್ಕೆ ಬಂದು, ಬೋರ್ಡಿನ ತುದಿಯಲ್ಲಿ ಬರೆಯೋಕೆ ಶುರುಮಾಡಿದರು. ಆ ವರ್ಷ ನನಗೆ ಗಣಿತದಲ್ಲಿ ಅರವತ್ತೆರಡು ಬಂತು.